ತಕ್ಕಡಿ ಸಾಹೇಬರ ಐನೂರು ಮೀಟರ್

“ಈ ಚೀಟಿಯ ಸುಳ್ಳನ್ನ ಇವತ್ತು ಬಯಲಿಗೆ ಎಳೀದಿದ್ರೆ ನನ್ನನ್ನ ಬೇರೆ ಹೆಸರಿಟ್ಟು ಕರೀರಿ!” ಎಂದು ದಾರದ ಉಂಡೆ ಎತ್ತಿ ಹಿಡಿದು ತಕ್ಕಡಿ ಸಾಹೇಬರು ಗುಡುಗಿದರು. ಕೇಳಲು ಇದ್ದವರು ಅತ್ತೆ ಒಬ್ಬರೇ. ಸಾಹೇಬರು ಅಳತೆ-ತೂಕ ಇಲಾಖೆಯ ಇನ್‌ಸ್ಪೆಕ್ಟರು. ತಕ್ಕಡಿ ಎಂಬುದು ಅಂಗಡಿಯವರು ಕೊಟ್ಟ ಬಿರುದು. ಉಂಡೆಯ ಚೀಟಿ ‘ಉದ್ದ ೫೦೦ ಮೀಟರ್’ ಎನ್ನುತ್ತಿತ್ತು. ಅಚ್ಚಾದದ್ದನ್ನೆಲ್ಲ ನಂಬಲು ಅವರೇನು ಹಸುಗೂಸೇ?

ದಾರ ಹೆಂಡತಿಯದು. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಸಾಹೇಬರ ಮೇಲಧಿಕಾರಿ ಮೇಡಂಗೆ ಐದು ಗಂಟೆಗೆ ಕೋಟು ಕೊಡಬೇಕಿತ್ತು, ತೋಳೆರಡು ಬಾಕಿ. ಮೇಡಂ ಮನಸ್ಸು ಗೆಲ್ಲಲೆಂದು ಆ ಕೆಲಸ ತಂದವರೂ ಸಾಹೇಬರೇ. ಆ ಪಾಚಿ ಬಣ್ಣದ ದಾರ ಅಂಗಡಿಯಲ್ಲಿ ಉಳಿದಿದ್ದದ್ದು ಇದೊಂದೇ ಉಂಡೆ! ಹೆಂಡತಿ ಪಕ್ಕದ ಬೀದಿಗೆ ಯಾರದೋ ಅಳತೆ ತೆಗೆಯಲು ಹೋಗಿದ್ದಳು. ಅವಳು ಬರುವಷ್ಟರಲ್ಲಿ ಅಳೆದು, ಸುತ್ತಿ, ಇದ್ದಲ್ಲೇ ಇಟ್ಟರಾಯಿತು ಎಂದುಕೊಂಡರು.

ಮೊಳೆಗೆ ನೇತುಹಾಕಿದ್ದ ಟೇಪು ಹಿಡಿದು ಮುಂಬಾಗಿಲ ಹಿಡಿಕೆಯಿಂದ ಅಡುಗೆಮನೆ ಕಿಟಕಿಯ ಸರಳಿನವರೆಗೆ ಅಳೆದರು. ಸರಿಯಾಗಿ ಹತ್ತು ಮೀಟರ್! ಇವೆರಡರ ನಡುವೆ ದಾರ ಸುತ್ತಿದಾಗ ಐವತ್ತು ಎಳೆ ಬಂದರೆ ಕಂಪನಿ ಸಾಚಾ. ಎಳೆಗೊಂದು ಗುಂಡಿಯಂತೆ ಎಣಿಸುವ ಹೊಣೆ ಅತ್ತೆಯವರದು.

ಮೂವತ್ತೆಂಟನೇ ಎಳೆಗೆ ನಡುಮನೆ ಜೇಡರ ಬಲೆಯಾಗಿತ್ತು, ಒಳಗೆ ಅತ್ತೆ.

“ಅಳಿಯಂದ್ರೇ, ಬಚ್ಚಲಿಗೆ ಹೋಗ್ಬೇಕಿತ್ತು.”

“ಇನ್ನು ಹನ್ನೆರಡೇ ಎಳೆ! ತಡ್ಕೊಳ್ಳಿ ಅತ್ತೆ!”

ನಲವತ್ತೊಂಬತ್ತಕ್ಕೆ ದಾರ ಮುಗಿಯಿತು. “ಹತ್ತು ಮೀಟರ್ ನುಂಗಿದಾರೆ ಕಳ್ಳರು!” ಸಾಹೇಬರು ಕುಣಿದುಬಿಟ್ಟರು. ಇಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ.

ಆಗಲೇ ಹೆಂಡತಿ ಬಾಗಿಲು ತಳ್ಳಿದಳು. ಹಿಡಿಕೆ ಒಳಗೆ ಬಂದದ್ದೇ ತಡ, ಅಷ್ಟೂ ಎಳೆ ಸಡಿಲವಾಗಿ ಅತ್ತೆಯ ಮೇಲೆ ಕುಸಿದವು. ಅವರು ಗಾಬರಿಯಿಂದ ಕೈಕಾಲು ಆಡಿಸಿದಷ್ಟೂ ಸಿಕ್ಕು ಬಿಗಿಯಿತು. ಹೆಂಡತಿಯ ಹಿಂದೆ ನಿಂತಿದ್ದವರು ಅರ್ಧ ಗಂಟೆ ಮುಂಚೆಯೇ ಬಂದ ಮೇಡಂ!

“ನನ್ನ ದಾರ!” ಎಂದಳು ಹೆಂಡತಿ.

“ನನ್ನ ಕೋಟು!” ಎಂದರು ಮೇಡಂ.

“ಮೇಡಂ, ಭಾರಿ ಮೋಸ ಹಿಡಿದಿದೀನಿ! ಐನೂರು ಅಂತ ಬರೆದು ನಾನೂರ ತೊಂಬತ್ತು ಕೊಟ್ಟಿದಾರೆ!”

“ಯಾವುದರಲ್ಲಿ ಅಳೆದ್ರಿ?”

ಸಾಹೇಬರು ಹೆಮ್ಮೆಯಿಂದ ಕೊರಳಲ್ಲಿದ್ದ ಟೇಪು ತೋರಿಸಿದರು. ಹೆಂಡತಿ ಹಣೆ ಚಚ್ಚಿಕೊಂಡಳು. “ಅಯ್ಯೋ, ಅದ್ಯಾಕೆ ತಗೊಂಡ್ರಿ? ಹಿಗ್ಗಿ ಹಾಳಾಗಿದೆ, ಬಿಸಾಕೋಣ ಅಂತ ಇಟ್ಟಿದ್ದು!”

ಮೇಡಂ ಅವಳ ಕೈಯ ಹೊಸ ಟೇಪಿನ ಪಕ್ಕಕ್ಕೆ ಅದನ್ನಿಟ್ಟು ನೋಡಿದರು. ಒಂದೂವರೆ ಮೀಟರಿನ ಟೇಪು ಮೂರು ಸೆಂಟಿಮೀಟರ್ ಹೆಚ್ಚು ಉದ್ದ! ನಿಂತಲ್ಲೇ ಲೆಕ್ಕ ಹಾಕಿದರು. ಎಳೆಗೆ ಇಪ್ಪತ್ತು ಸೆಂಟಿಮೀಟರ್ ಹೆಚ್ಚು ಹೋಗಿತ್ತು, ದಾರ ಐನೂರಕ್ಕೆ ಸರಿಯಾಗಿಯೇ ಇತ್ತು. ಸಾಹೇಬರ ಮುಖ ಹಿಂಡಿದ ಬಟ್ಟೆಯಾಯಿತು.

“ವರ್ಷವೆಲ್ಲ ನೀವು ಒಂದೂ ಖೊಟ್ಟಿ ಅಳತೆ ಹಿಡಿದಿಲ್ಲ ಅಂತ ಬೇಜಾರಿತ್ತು,” ಎಂದರು ಮೇಡಂ, ತೋಳಿಲ್ಲದ ಕೋಟನ್ನು ನೋಡುತ್ತ. “ಇವತ್ತು ಹಿಡಿದಿದೀರಿ. ಕೇಸು ಬರೀರಿ.”

“ಯಾ... ಯಾರ ಮೇಲೆ ಮೇಡಂ?”

“ಅದನ್ನೂ ನಾನೇ ಹೇಳ್ಬೇಕಾ?”

ಹೆಂಡತಿ ಪೆನ್ನು ತಂದುಕೊಟ್ಟಳು. “ಬರೀರಿ ಬರೀರಿ. ಸಾಕ್ಷಿಗೆ ನಮ್ಮಮ್ಮ ಇದಾರಲ್ಲ.”

ಸಿಕ್ಕಿನ ಒಳಗಿಂದ ಅತ್ತೆಯ ದನಿ ಬಂತು: “ಧಾರಾಳವಾಗಿ ಸಹಿ ಹಾಕ್ತೀನಿ. ಮೊದ್ಲು ಬಲಗೈ ಬಿಡಿಸಿ!”