ಸುಭದ್ರಾಬಾಯಿಯವರ ಕಿವಿಯಂತ್ರವನ್ನು ಮೂರು ಊರಿನವರು ದುರಸ್ತಿ ಮಾಡಿದ ವೃತ್ತಾಂತ

ಪರೀಕ್ಷೆಗಳು ಮುಗಿದು ಫಲಿತಾಂಶವಿನ್ನೂ ಹೊರಬೀಳದ ವೈಶಾಖದ ಒಂದು ಮಧ್ಯಾಹ್ನ, ಬೀದರಿನ ನಮ್ಮ ಮಹಾವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಈ ವೃತ್ತಾಂತವನ್ನು ಬರೆದಿಡುತ್ತಿದ್ದೇನೆ. ಓದುಗರ ಬಾಧೆಯಿಲ್ಲದುದರಿಂದ ಇಡೀ ಕಟ್ಟಡದಲ್ಲಿ ತಂಪಾಗಿರುವ ಸ್ಥಳ ಇದೊಂದೇ.

ವಿದ್ಯಾರ್ಥಿಗಳು ತಮ್ಮಷ್ಟಕ್ಕೆ ತಾವೇ ಕಲಿಯತೊಡಗಿದರೆ ಏನನ್ನು ಕಲಿತಾರೆಂಬುದನ್ನು ಮುಂಚಿತವಾಗಿ ಹೇಳಲು ಬಾರದು. ಆದಕಾರಣ ಸ್ವಯಂ ಕಲಿಕೆಗೆ ಒಬ್ಬ ಅಧಿಕಾರಿ ಇರಲೇಬೇಕು. ಇದು ನಿರ್ವಿವಾದವಾದ ಸಂಗತಿ. ಬೀದರ, ಭಾಲ್ಕಿ, ಔರಾದಗಳಲ್ಲಿ ಒಂದೊಂದು ಮಹಾವಿದ್ಯಾಲಯವನ್ನು ನಡೆಸುವ ನಮ್ಮ ತ್ರಿಪುರ ವಿದ್ಯಾವರ್ಧಕ ಸಂಘವು ಎರಡು ವರ್ಷಗಳ ಹಿಂದೆ ಪದವಿಯ ಅಂತಿಮ ತರಗತಿಗೆ ‘ಡಿಜಿಟಲ್ ಸಂಸ್ಕೃತಿಯಲ್ಲಿ ಸ್ವಯಂ ಕಲಿಕೆ ಮತ್ತು ಸಹಯೋಗ’ ಎಂಬ ಕಡ್ಡಾಯ ವಿಷಯವನ್ನು ಆರಂಭಿಸಿದಾಗ, ಅಬ್ದುಲ ವಾಹೀದ ಸಾಹೇಬರನ್ನು ಅದರ ಅಧಿಕಾರಿಯಾಗಿ ನೇಮಿಸಿತು. ಸಾಹೇಬರು ಪರೀಕ್ಷೆಯ ಸ್ಕ್ವಾಡಿನಲ್ಲಿ ನಕಲು ಹಿಡಿಯುತ್ತ ತಲೆ ನರೆಸಿದವರು. ಒಬ್ಬರ ಬರಹ ಇನ್ನೊಬ್ಬರ ಬರಹವನ್ನು ಎಷ್ಟು ಹೋಲುತ್ತದೆಂಬುದನ್ನು ದೂರದಿಂದಲೇ ಹೇಳಬಲ್ಲವರು. ಸಹಯೋಗವನ್ನು ಅಳೆಯಲು ಅವರಿಗಿಂತ ಯೋಗ್ಯರು ಜಿಲ್ಲೆಯಲ್ಲಿರಲಿಲ್ಲ.

ಅವರು ಸೂಚನಾ ಫಲಕದ ಮೇಲೆ ಅಂಟಿಸಿದ ಪ್ರಕಟಣೆ ಹೀಗಿತ್ತು: ‘ಸ್ವಯಂ ಕಲಿಕೆಯನ್ನು ಪ್ರತಿ ಬುಧವಾರ ಹನ್ನೊಂದು ಗಂಟೆಗೆ ಅಧ್ಯಾಪಕರ ಸಮಕ್ಷಮದಲ್ಲಿ ಮಾತ್ರ ಮಾಡತಕ್ಕದ್ದು. ಇತರ ಸಮಯದಲ್ಲಿ ಕಲಿತದ್ದು ಕಂಡುಬಂದಲ್ಲಿ ಪರಿಗಣಿಸಲಾಗದು. ಡಿಜಿಟಲ್ ಶಿಸ್ತಿನ ಸಲುವಾಗಿ ಸದರಿ ಅವಧಿಯಲ್ಲಿ ಮೊಬೈಲುಗಳನ್ನು ದ್ವಾರದಲ್ಲಿ ಒಪ್ಪಿಸತಕ್ಕದ್ದು. ವರ್ಷಾಂತ್ಯಕ್ಕೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕಲಿಕೆಯನ್ನು ಕುರಿತು ಸ್ವಂತ ಮಾತುಗಳಲ್ಲಿ ಒಂದು ಆತ್ಮಾವಲೋಕನವನ್ನು ಬರೆದು ಸಲ್ಲಿಸತಕ್ಕದ್ದು. ಸ್ವಂತ ಮಾತುಗಳನ್ನು ಕಛೇರಿಯಿಂದ ಒದಗಿಸಲಾಗುವುದು.’

ಆ ಸ್ವಂತ ಮಾತುಗಳನ್ನು ಬರೆದುಕೊಡುವ ಭಾರ ಕನ್ನಡ ಕಲಿಸುವ ನನ್ನ ಮೇಲೆ ಬಿತ್ತು. ನಾನು ಪ್ರಾಚಾರ್ಯ ಮಾಣಿಕರಾಯರಿಗೆ, ನನ್ನ ಬಳಿ ಮೊಬೈಲೇ ಇಲ್ಲವಲ್ಲ ಎಂದು ನಿವೇದಿಸಿಕೊಂಡೆ.

“ಅದಕ್ಕೇ ನಿಮಗ ಹೇಳ್ಲಿಕತ್ತೀನಿ ಪಂಡಿತರ,” ಎಂದರು ಅವರು. “ಮೊಬೈಲ್ ಇದ್ದವ್ರು ಒಂದು ಸಾಲು ಬರೆಯೋದ್ರಾಗ ನಾಕು ಸಲ ಮೊಬೈಲ್ ನೋಡ್ತಾರ. ನಿಮ್ಮ ಮನಸ್ಸು ಸ್ವಚ್ಛ ಅದ. ಬರೀರಿ.”

ಬರೆದೆ. ‘ಹರೆಯದ ಹೊಸ್ತಿಲಲ್ಲಿ ನಿಂತಿರುವ ನಾನು, ಒಂದು ಮುಂಜಾವಿನಲ್ಲಿ ಮೊಣಕಾಲ ನೋವಿನ ನಿಮಿತ್ತ ಎಳಬಿಸಿಲಿಗೆ ಕುಳಿತವನಾಗಿ, ಅಂತರ್ಜಾಲವೆಂಬ ಅಪಾರ ಪಾರಾವಾರವನ್ನು ಕುರಿತು ಚಿಂತಿಸಿದೆನು’ ಎಂದು ಆರಂಭವಾಗುವ ಆ ಗದ್ಯವನ್ನು ವಿದ್ಯಾರ್ಥಿಗಳು ಆದರದಿಂದ ಸ್ವೀಕರಿಸಿ, ಒಂದಕ್ಷರ ಬಿಡದೆ ತಮ್ಮದಾಗಿಸಿಕೊಂಡರು. ವಿದ್ಯಾರ್ಥಿನಿಯರೂ ‘ಕುಳಿತವನಾಗಿ’ ಚಿಂತಿಸಿದರು. ಅಂತಿಮ ವರ್ಷದವರೆಲ್ಲ ಏಕಕಾಲಕ್ಕೆ ಮೊಣಕಾಲ ನೋವಿಗೆ ತುತ್ತಾಗಿರುವುದು ದಾಖಲೆಯಿಂದ ತಿಳಿದುಬಂದುದರಿಂದ ಸಂಘವು ಆರೋಗ್ಯ ಶಿಬಿರವನ್ನೇರ್ಪಡಿಸಿ ಎಣ್ಣೆಯ ಸೀಸೆಗಳನ್ನು ಹಂಚಿತು. ಭಾಲ್ಕಿಗೆ ನನ್ನ ಗದ್ಯದ ಪ್ರತಿ ಬಸ್ಸಿನಲ್ಲಿ ಹೋಯಿತು. ಔರಾದಕ್ಕೆ ಫೋಟೊ ತೆಗೆದು ಕಳಿಸಲಾಯಿತು; ತೆಗೆದವರ ಹೆಬ್ಬೆರಳು ನಾಲ್ಕನೆಯ ಸಾಲಿನ ಕೊನೆಯನ್ನು ಮುಚ್ಚಿದ್ದರಿಂದ ಔರಾದದವರು ಆ ಸಾಲನ್ನು ಅರ್ಧಕ್ಕೇ ನಿಲ್ಲಿಸಿದರು. ವಾಹೀದ ಸಾಹೇಬರು ಇದನ್ನು ಔರಾದದ ಪ್ರಾದೇಶಿಕ ಶೈಲಿಯೆಂದು ಗುರುತಿಸಿ ಮೆಚ್ಚಿದರು.

ಬರಹಗಳನ್ನು ಪರಸ್ಪರ ಹೋಲಿಸುವ ತಂತ್ರಾಂಶವೊಂದನ್ನು ಸಂಘವು ಕೊಂಡಿತ್ತು. ಬೇರೆ ಕಡೆ ಅದನ್ನು ನಕಲು ಹಿಡಿಯಲು ಬಳಸುವರಂತೆ. ಇಲ್ಲಿ ನಿಯಮವು ಬೇರೆ: ಮೂರು ಊರಿನ ಸಹಪಾಠಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಬರಹದೊಡನೆ ಶೇಕಡಾ ಅರವತ್ತು ಹೋಲಿಕೆಯಿದ್ದರೆ ಸಹಯೋಗದಲ್ಲಿ ತೇರ್ಗಡೆ.

“ನೋಡ್ರಿ ಪಂಡಿತರ,” ಎಂದು ಸಾಹೇಬರು ಗಣಕದ ಪರದೆಯನ್ನು ನನ್ನತ್ತ ತಿರುಗಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. “ಮೂರು ಊರು, ಒಂದೇ ದಿಲ್. ಸ್ಕ್ವಾಡ್‌ನಾಗ ಇದ್ದಾಗ ಇಂಥ ಹುಡುಗರನ್ನ ಹಿಡಿದು ಹೊರಗ ಹಾಕ್ತಿದ್ದೆ. ನನಗ ತಿಳೀಲೇ ಇಲ್ಲ, ಅವ್ರು ಕೂಡಿ ಕಲೀಲಿಕತ್ತಿದ್ರು ಅಂತ.”

ಒಂದು ಬರಹಕ್ಕೆ ಮಾತ್ರ ತಂತ್ರಾಂಶವು ಸೊನ್ನೆ ಕೊಟ್ಟಿತ್ತು. ಅದು ನೌಬಾದದಲ್ಲಿ ಮೋಟಾರು ವೈಂಡಿಂಗ್ ಅಂಗಡಿಯಿಟ್ಟಿರುವ ಅಯ್ಯುಬರ ಮಗಳು ನಿಖತಳದ್ದು. ಭೌತಶಾಸ್ತ್ರದಲ್ಲಿ ಆಕೆಗೆ ಒಳ್ಳೆಯ ಅಂಕಗಳಿದ್ದವು, ಕಲಬುರಗಿಯಲ್ಲಿ ಎಂ.ಎಸ್ಸಿ. ಸೀಟೂ ಸಿಕ್ಕಿತ್ತು. ಆ ತಿಂಗಳ ಕೊನೆಯೊಳಗೆ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾದ ಅಂಕಪಟ್ಟಿಯನ್ನು ಒಪ್ಪಿಸದಿದ್ದರೆ ಸೀಟು ಇನ್ನೊಬ್ಬರ ಪಾಲಾಗುತ್ತಿತ್ತು.

ನಿಖತಳು ಬರೆದದ್ದನ್ನು ನಾನು ಓದಿದೆ. ಔರಾದದ ಮಹಾವಿದ್ಯಾಲಯದಲ್ಲಿ ಓದುವ ಸುಮನ ಎಂಬವಳು ಆಕೆಗೆ ಮೊಬೈಲಿನ ಒಂದು ಗುಂಪಿನಲ್ಲಿ ಪರಿಚಯವಾಗಿದ್ದಳು. ಸುಮನಳ ಅಜ್ಜಿ ಸುಭದ್ರಾಬಾಯಿಯವರ ಕಿವಿಯ ಮಶೀನು ಕೆಟ್ಟಿತ್ತು. ಹುಡುಗಿಯರಿಬ್ಬರೂ ವಿಡಿಯೋ ನೋಡಿ ಅದನ್ನು ಸರಿಪಡಿಸಲು ಹೊರಟರು. ಮಶೀನು ಔರಾದದ ಬಸ್ಸಿನಲ್ಲಿ ಕಂಡಕ್ಟರರ ಕೈಯಲ್ಲಿ ಬೀದರಿಗೆ ಬರುತ್ತಿತ್ತು, ಬಿಚ್ಚಿಸಿಕೊಂಡು ಮರಳುತ್ತಿತ್ತು. ಮೊದಲ ಯತ್ನದಲ್ಲಿ ಅದು ಇನ್ನಷ್ಟು ಕೆಟ್ಟಿತು. ಎರಡನೆಯದರಲ್ಲಿ ಕುಕ್ಕರಿನಂತೆ ಸೀಟಿ ಹೊಡೆಯಿತು. ಕೊಯಮತ್ತೂರಿನ ಯಾರೋ ಅಪರಿಚಿತರು ಬೆಸುಗೆ ಎಲ್ಲಿ ಬಿಟ್ಟಿದೆಯೆಂದು ಚಿತ್ರದಲ್ಲಿ ಗೆರೆ ಹಾಕಿ ತೋರಿಸಿದರು. ಕೊನೆಗೆ ಮಶೀನು ಹಾಕಿಕೊಂಡ ಸುಭದ್ರಾಬಾಯಿಯವರು ಆಡಿದ ಮೊದಲ ಮಾತು: “ಈ ಫ್ಯಾನ್ ಇಷ್ಟು ಒದರ್ತದೇನ?” ಬರಹದ ಕೊನೆಯಲ್ಲಿ ನಿಖತ ಹೀಗೆಂದಿದ್ದಳು: ‘ನನಗೆ ಗೊತ್ತಿಲ್ಲದ್ದು ಸುಮನಳಿಗೂ ಗೊತ್ತಿರಲಿಲ್ಲ. ಆದರೂ ಇಬ್ಬರೂ ಮಾತಾಡುತ್ತ ಹೋದಂತೆ ಹೇಗೋ ಗೊತ್ತಾಗುತ್ತಿತ್ತು.’

ಭಾಷೆ ಸರಳವಾಗಿತ್ತು, ಸಮಾಸಗಳಿರಲಿಲ್ಲ. ಅದಕ್ಕಿಂತ ಗುರುತರವಾದ ದೋಷವೆಂದರೆ ಇದೆಲ್ಲ ಬುಧವಾರ ಹನ್ನೊಂದು ಗಂಟೆಗೆ ನಡೆದಿರಲಿಲ್ಲ. ಅತ್ತ ಸುಮನಳು ತನ್ನ ಅಧ್ಯಾಪಕರ ಹಿತವಚನದಂತೆ ನನ್ನ ಗದ್ಯವನ್ನೇ ಹೆಬ್ಬೆರಳಿನ ಸಮೇತ ಬರೆದುಕೊಟ್ಟಿದ್ದಳು. ಹೀಗಾಗಿ, ಸುಮನಳು ತಾನೆಂದೂ ಕಾಣದ ನೂರಾರು ಜನರೊಡನೆ ಗಾಢವಾಗಿ ಸಹಯೋಗಿಸಿದ್ದಾಳೆಂದೂ ನಿಖತಳೊಡನೆ ಮಾತ್ರ ಆಕೆಗೆ ಯಾವ ಸಂಬಂಧವೂ ಇಲ್ಲವೆಂದೂ ತಂತ್ರಾಂಶವು ವರದಿ ಮಾಡಿತು.

ವಾಹೀದ ಸಾಹೇಬರು ನಿಖತಳನ್ನು ಕರೆಸಿದರು. “ಬೇಟಿ, ನೀ ಒಬ್ಬಾಕೀನೇ ಯಾಕ ದೂರ ನಿಂತಿ? ಇಕಾ, ಪಂಡಿತರ ಬರೆದದ್ದದ. ಇಲ್ಲೇ ಕುಂತು ಬರಿ. ಅರ್ಧಾ ತಾಸಿನ ಕೆಲಸ. ನಿನ್ನ ಸೀಟು ಉಳೀತದ.”

ನಿಖತ ಕಾಗದವನ್ನು ಪೂರ್ತಿ ಓದಿ, ಮಡಿಸಿ, ಮೇಜಿನ ಮೇಲಿಟ್ಟಳು.

“ನನ್ನ ಮೊಣಕಾಲು ನೋಯಂಗಿಲ್ರಿ, ಸರ್.”

“ಯಾರದೂ ನೋಯಂಗಿಲ್ಲ, ಬೇಟಿ. ಬರೀಬೇಕಷ್ಟೆ.”

“ಮತ್ತ ನಾವು ಮಶೀನ್ ಮಾಡಿದ್ದು?”

“ಅದು ಮನಿ ಕೆಲಸ ಆತು.”

ಆಕೆ ನನ್ನತ್ತ ತಿರುಗಿ ವಿನಯದಿಂದಲೇ ಕೇಳಿದಳು: “ಪಂಡಿತರ, ನಿಮ್ಮ ಕನ್ನಡ ಭಾಳ ಚೊಲೊ ಅದ್ರಿ. ಆದ್ರ ಇದ್ರಾಗ ನೀವು ಏನು ಕಲ್ತೀರಿ ಅಂತ ಎಲ್ಲೂ ಇಲ್ಲಲ್ರಿ?”

ನಾನು ಪುಟವನ್ನು ಎರಡು ಸಲ ಪರಿಶೀಲಿಸಿದೆ. ಆಕೆ ಹೇಳಿದ್ದು ಸರಿಯಿತ್ತು. ಆದರೆ ಪಠ್ಯಕ್ರಮದಲ್ಲಿ ಅದನ್ನು ಕೇಳಿರಲಿಲ್ಲ.

ಪ್ರಕರಣವು ಸಂಘದ ಸಮಿತಿಯ ಮುಂದೆ ಬಂದಿತು. ನಿಖತ ಸಾಕ್ಷಿಗಳಾಗಿ ಸುಮನಳನ್ನೂ ಸುಭದ್ರಾಬಾಯಿಯವರನ್ನೂ ಕರೆತಂದಿದ್ದಳು. ಅಜ್ಜಿ ಹಸಿರು ಇಲಕಲ್ ಸೀರೆಯುಟ್ಟು, ಕಿವಿಯ ಹಿಂದೆ ಮಶೀನು ಸಿಕ್ಕಿಸಿಕೊಂಡು, ಅಧ್ಯಕ್ಷರಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟರು. ಮಾಣಿಕರಾಯರು ಸಾಹೇಬರ ಕಡೆ ಬಾಗಿ, ತುಟಿ ಅಲ್ಲಾಡದಂತೆ, “ಈ ಮುದುಕಿನ್ನ ಒಳಗ ಬಿಟ್ಟವ್ರು ಯಾರು?” ಎಂದರು.

“ಯಾರೂ ಬಿಟ್ಟಿಲ್ಲೋ ತಮ್ಮಾ, ನಾನೇ ಬಂದೇನಿ,” ಎಂದರು ಸುಭದ್ರಾಬಾಯಿ, ಕೋಣೆಯ ಆ ತುದಿಯಿಂದ. “ಮತ್ತ ನಿನ್ನ ಹೊಟ್ಟಿ ಗುರ್ ಅನ್ಲಿಕತ್ತದ. ಮೊದಲ ಏನರೆ ತಿಂದು ಬಾ.”

ಸುಮನ ಅಜ್ಜಿಯ ಮೊಳಕೈ ಹಿಡಿದಳು. “ಆಯಿ, ಸುಮ್ನಿರು.”

“ಯಾಕ ಸುಮ್ನಿರಲಿ? ಮೂರು ವರ್ಷ ಸುಮ್ನಿದ್ದೆ, ಕೇಳಿಸ್ತಿದ್ದಿಲ್ಲ ಅಂತ. ಈಗ ಈ ಹುಡಿಗ್ಯಾರು ಕೇಳೋಹಾಂಗ ಮಾಡ್ಯಾರ. ಇವ್ರು ಪಾಸ್ ಆಗ್ಯಾರಿಲ್ಲೋ, ಅಷ್ಟು ಹೇಳು.”

ಸಮಿತಿಯು ಸಾಕ್ಷ್ಯವನ್ನು ಆಲಿಸಿತು. ಆದರೆ ಕೇಳಿಸುತ್ತದೆಂಬುದು ಕೇಳಿಸಿಕೊಂಡವರಿಗೆ ಮಾತ್ರ ಗೊತ್ತಾಗುವ ಸಂಗತಿಯಾದ್ದರಿಂದ ಕಡತಕ್ಕೆ ಲಗತ್ತಿಸಲು ಬರುವಂತಿರಲಿಲ್ಲ. ಪ್ರಾಚಾರ್ಯರಿಗೆ ಬೇರೊಂದು ಚಿಂತೆಯಿತ್ತು. ಶೇಕಡಾ ನೂರು ಫಲಿತಾಂಶ ಬಂದರೆ ಸಂಘಕ್ಕೆ ಹೊಸ ಕಟ್ಟಡದ ಅನುದಾನ ದೊರೆಯಲಿತ್ತು. ಗುತ್ತಿಗೆದಾರರನ್ನು ಆಗಲೇ ಗೊತ್ತುಮಾಡಲಾಗಿತ್ತು. ಒಬ್ಬಳು ನಪಾಸಾದರೂ ಅಡಿಪಾಯ ಮೇಲೇಳುವಂತಿರಲಿಲ್ಲ.

“ಆಕಿ ಬದಲಿ ಬರೆಯಂಗಿಲ್ಲ ಅಂತಾಳ,” ಎಂದರು ಸಾಹೇಬರು ನಿಡುಸುಯ್ದು.

ಮಾಣಿಕರಾಯರು ಹೇಳಿದರು: “ಹಂಗಾದ್ರ ಉಳಿದವ್ರು ಎಲ್ಲಾರೂ ಆಕೀದು ಬರೀಲಿ.”

ಸಭೆಯಲ್ಲಿ ಮೆಚ್ಚುಗೆಯ ಮರ್ಮರವೆದ್ದಿತು. ಒಬ್ಬಳನ್ನು ಬದಲಿಸುವುದಕ್ಕಿಂತ ನೂರಾರು ಜನರನ್ನು ಬದಲಿಸುವುದು ಸುಲಭ, ಅವರಿಗೆ ಅಭ್ಯಾಸವಿರುತ್ತದೆ. ಮನಃಪರಿವರ್ತನಾ ಶುಲ್ಕವೆಂಬ ಅಲ್ಪ ಮೊತ್ತವನ್ನು ಭರಿಸಿ ಎಲ್ಲ ವಿದ್ಯಾರ್ಥಿಗಳೂ ವಾರದೊಳಗೆ ಹೊಸ ಆತ್ಮಾವಲೋಕನ ಸಲ್ಲಿಸತಕ್ಕದ್ದೆಂದು ಅಂದೇ ಪ್ರಕಟಣೆ ಹೊರಟಿತು. ಕಲಿಕೆಯಲ್ಲಿ ವೈಫಲ್ಯವಿರಕೂಡದೆಂಬ ಕಾರಣಕ್ಕೆ, ಮಶೀನು ಕೆಟ್ಟ ಮತ್ತು ಸೀಟಿ ಹೊಡೆದ ಭಾಗಗಳನ್ನು ತೆಗೆದುಹಾಕಿ ನಿಖತಳ ಬರಹದ ಶುದ್ಧಪ್ರತಿಯನ್ನು ಮೂರೂ ಊರುಗಳಿಗೆ ಕಳಿಸಲಾಯಿತು. ಈ ಸಲ ಹೆಬ್ಬೆರಳಿಗೆ ಅವಕಾಶವಾಗದಂತೆ ಎಚ್ಚರ ವಹಿಸಲಾಯಿತು.

ವಿದ್ಯಾರ್ಥಿಗಳು ಮೊದಲು ಗೊಣಗಿದರು. ಬೀದರಿನ ತರಗತಿಯ ಪ್ರತಿನಿಧಿ ಫಿರೋಜ ಕಾರಿಡಾರಿನಲ್ಲಿ ನಿಖತಳನ್ನು ಅಡ್ಡಗಟ್ಟಿದ.

“ಏನವಾ, ನಿನ್ನ ಸಲುವಾಗಿ ನಾವೆಲ್ಲಾ ಇನ್ನೊಮ್ಮೆ ಬರೀಬೇಕಾ? ಎರಡು ಪೇಜು ಅದ ಅದು!”

“ನಾ ಬರೀರಿ ಅಂದಿಲ್ಲಲ್ಲೋ.”

“ಅದೇ ತ್ರಾಸು. ನೀ ಅಂದಿದ್ರ ಬರೀತಿದ್ದಿಲ್ಲ. ಸಾಹೇಬ್ರು ಅಂದಾರ.” ಅನಂತರ ದನಿ ತಗ್ಗಿಸಿ ಕೇಳಿದ: “ಈ ಸುಭದ್ರಾಬಾಯಿ ನನಗ ಏನಾಗ್ಬೇಕು? ವೈವಾ ಪರೀಕ್ಷಾದಾಗ ಕೇಳಿದ್ರ?”

“ಗೆಳತಿಯ ಆಯಿ.”

“ಸುಮನ ನನ್ನ ಗೆಳತಿನಾ?” ಫಿರೋಜನ ಮುಖ ಅರಳಿತು. ಅವನು ಅಂದೇ ಬರೆದು ಮುಗಿಸಿದ.

ಭಾಲ್ಕಿಯ ಗೌರವ ಎಂಬವನು, ಬರಹದಲ್ಲಿದ್ದ ಸೋಲ್ಡರ್, ಅಂದರೆ ಬೆಸುಗೆ, ಎಂಬ ಮಾತನ್ನು ಕುರಿತು ನಿಖತಳಿಗೆ ಫೋನು ಮಾಡಿ ಕೇಳಿದನಂತೆ. ಆಕೆ ಸಂತೋಷಪಟ್ಟು ವಿವರಿಸತೊಡಗಲು, “ಅದೆಲ್ಲ ಬ್ಯಾಡವಾ, ‘ಡ’ಕ್ಕ ‘ರ’ ಒತ್ತೋ ಬಿಡಿಯೋ ಅಷ್ಟ ಹೇಳು,” ಎಂದನಂತೆ. ಸುಮನಳೂ ಶುಲ್ಕ ಕಟ್ಟಿ, ತನ್ನದೇ ಅಜ್ಜಿಯ ಮಶೀನನ್ನು ತಾನೇ ಸರಿಪಡಿಸಿದ ಕಥೆಯನ್ನು ಕಛೇರಿಯ ಪ್ರತಿಯಿಂದ ಎತ್ತಿ ಬರೆದಳು.

ತಂತ್ರಾಂಶವು ಹೊಸ ಬರಹಗಳನ್ನು ತೂಗಿತು. ಉಳಿದವರೆಲ್ಲ ಪರಸ್ಪರ ನೂರಕ್ಕೆ ನೂರು ಹೋಲುತ್ತಿದ್ದರು. ನಿಖತಳ ಮೂಲದಲ್ಲಿ ವೈಫಲ್ಯದ ಭಾಗಗಳು ಹಾಗೆಯೇ ಉಳಿದಿದ್ದರಿಂದ ಆಕೆಗೆ ಅರವತ್ತರ ಮೇಲೆ ಒಂದಿಷ್ಟು ಬಂದಿತು; ಮೂರೂ ಊರುಗಳಲ್ಲಿ ಅದೇ ಅತ್ಯಂತ ಕಡಿಮೆ. ಆದರೂ ತೇರ್ಗಡೆಗೆ ಸಾಲುತ್ತಿತ್ತು. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಆಕೆ ಆ ಸಂಜೆಯ ಬಸ್ಸಿಗೇ ಕಲಬುರಗಿಗೆ ಹೋದಳು. ಸೀಟು ಉಳಿಯಿತು.

ಇತ್ತ ಸಂಘದ ವಾರ್ಷಿಕ ವರದಿಯಲ್ಲಿ, ಮೂರು ಊರಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಸುಭದ್ರಾಬಾಯಿಯವರ ಕಿವಿಯಂತ್ರವನ್ನು ಮೊದಲ ಯತ್ನದಲ್ಲೇ ದುರಸ್ತಿ ಮಾಡಿದನೆಂದು ದಾಖಲಾಯಿತು. ಅದು ಸತ್ಯವೇ, ಎಲ್ಲರ ಕೈಬರಹದಲ್ಲೂ ಇತ್ತು. ಅನುದಾನ ಕೊಡುವ ಮೇಲಿನವರು ಓದಿ ಬೆರಗಾದರು. ಶೇಕಡಾ ತೊಂಬತ್ತಕ್ಕಿಂತ ಹೆಚ್ಚು ಸಹಯೋಗ ತೋರಿದವರಿಗೆಲ್ಲ ‘ಶ್ರವಣಯಂತ್ರ ಕುಶಲಿ’ ಎಂಬ ಪ್ರಮಾಣಪತ್ರ ಬಂತು. ನಿಖತ ಈ ಅರ್ಹತೆಯನ್ನು ಪಡೆಯಲಿಲ್ಲ. ಹೊಸ ಕಟ್ಟಡದ ಮೊದಲ ಕೋಣೆಯಲ್ಲಿ ಕಿವಿಯಂತ್ರ ದುರಸ್ತಿ ಕೇಂದ್ರ ತೆರೆಯಬೇಕೆಂದು ಆದೇಶವಾಯಿತು; ಫಿರೋಜ ಮತ್ತು ಗೌರವ ಅಲ್ಲಿ ನಿಯುಕ್ತರಾದರು.

ಕಮಠಾಣದಿಂದ, ಭಾತಂಬ್ರಾದಿಂದ, ಔರಾದದ ಗಡಿಯ ಹಳ್ಳಿಗಳಿಂದ ವೃದ್ಧರು ಕೆಟ್ಟ ಮಶೀನುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಯುವಕರಿಬ್ಬರೂ ಯಂತ್ರವನ್ನು ಅತ್ತಿತ್ತ ತಿರುಗಿಸಿ ನೋಡಿ ಸಾಹೇಬರ ಮುಖ ನೋಡಿದರು. ಸಾಹೇಬರು ‘ದುರಸ್ತಿಯಾಗಿದೆ’ ಎಂಬ ಶಿಕ್ಕಾ ಮಾಡಿಸಿ ತಂದುಕೊಟ್ಟರು. ಅದನ್ನು ಒತ್ತುವುದಕ್ಕೆ ಹೆಚ್ಚಿನ ತರಬೇತಿ ಬೇಕಾಗಲಿಲ್ಲ. ಮಶೀನಿನ ಮೇಲೆ ಜಾಗ ಸಾಲದಿದ್ದಲ್ಲಿ ಕರವಸ್ತ್ರದ ಮೇಲೆ ಒತ್ತಿದರು. ದೂರು ಹೇಳಿದವರಿಗೆ ಕೇಂದ್ರವು ಸವಿವರವಾದ ಉತ್ತರ ಕೊಡುತ್ತಿತ್ತು. ಅದು ಅವರಿಗೆ ಕೇಳಿಸುತ್ತಿರಲಿಲ್ಲ.

ಹೀಗೆ ಕೇಂದ್ರದಲ್ಲಿ ದುರಸ್ತಿಯಾದ ಯಂತ್ರಗಳನ್ನು ಜನರು ನೌಬಾದದ ಅಂಗಡಿಗೆ ಒಯ್ಯತೊಡಗಿದರು. ನಿಖತ ಶನಿವಾರ ಸಂಜೆ ಕಲಬುರಗಿಯಿಂದ ಬಂದು, ಔರಾದದಿಂದ ಬಂದ ಸುಮನಳೊಡನೆ ಕುಳಿತು ಅವುಗಳನ್ನು ಸರಿಪಡಿಸುತ್ತಿದ್ದಳು. ಕೆಲವರು ಕೇಂದ್ರಕ್ಕೆ ಹೋಗದೆ ನೇರವಾಗಿ ಅಲ್ಲಿಗೇ ಹೋಗುತ್ತಿರುವುದು ಗಮನಕ್ಕೆ ಬಂದು ಸಂಘವು ನಿಖತಳಿಗೆ ನೋಟಿಸು ಕೊಟ್ಟಿತು: ‘ಪ್ರಮಾಣಪತ್ರವಿಲ್ಲದ ತಾವು ದುರಸ್ತಿಯಾಗದ ಯಂತ್ರವನ್ನು ದುರಸ್ತಿ ಮಾಡುವಂತಿಲ್ಲ. ಕೇಂದ್ರದಲ್ಲಿ ದುರಸ್ತಿಯಾದ ಯಂತ್ರಗಳನ್ನು ದುರಸ್ತಿ ಮಾಡಲು ಅಭ್ಯಂತರವಿಲ್ಲ.’

ಅಯ್ಯುಬರು ಸಿಟ್ಟಾದರು. ನಿಖತ ಮಾತ್ರ ನೋಟಿಸನ್ನು ಎರಡು ಸಲ ಓದಿ, “ಮಾಡ್ಬ್ಯಾಡ ಅಂದಿಲ್ಲಲ್ರಿ ಅಬ್ಬಾ. ಶಿಕ್ಕಾ ಬಿದ್ದಮ್ಯಾಲ ಮಾಡು ಅಂದಾರ,” ಎಂದಳು. ಅಂಗಡಿಯ ಬಾಗಿಲಿಗೆ ಸುಮನ ‘ಮೊದಲು ಶಿಕ್ಕಾ, ಆಮೇಲೆ ದುರಸ್ತಿ’ ಎಂದು ಒಂದು ಹಲಗೆ ಬರೆದು ತೂಗುಹಾಕಿದಳು.

ಈಗ ಜನರು ಮೊದಲು ಮಹಾವಿದ್ಯಾಲಯಕ್ಕೆ ಹೋಗಿ ಮಶೀನು ದುರಸ್ತಿಯಾಗಿದೆಯೆಂದು ಬರೆಸಿಕೊಂಡು, ಆಮೇಲೆ ನೌಬಾದಕ್ಕೆ ಹೋಗಿ ದುರಸ್ತಿ ಮಾಡಿಸಿಕೊಳ್ಳುತ್ತಾರೆ. ಬಸ್ಸು ಎರಡೂ ಕಡೆ ನಿಲ್ಲುತ್ತದೆ. ಯಾರಿಗೂ ತೊಂದರೆಯಾಗಿಲ್ಲ. ನಿಖತ ಎಂ.ಎಸ್ಸಿ. ಮೊದಲ ವರ್ಷವನ್ನು ಮುಗಿಸಿದ್ದಾಳೆ. ಶಿಕ್ಕಾ ಬೀಳದ ಮಶೀನನ್ನು ಆಕೆ ಮುಟ್ಟುವುದಿಲ್ಲ.