ಗೇಟು ಕಾವಲುಗಾರ ಅಂಬ್ರಪ್ಪನನ್ನು ಕೂರಿಸಿ ಉಳಿಸಿಕೊಳ್ಳುವ ಬಗ್ಗೆ

ಕಾಲುವೆ ಉಪವಿಭಾಗ ಕಚೇರಿ, ಕ್ಯಾಂಪು
ಸಂಖ್ಯೆ: ಕಾಉವಿ/ನೌಕರರ ಸಂತೋಷ/ಕುರ್ಚಿ-೧/೧೯೯೪-೯೫

ಸುತ್ತೋಲೆ

ವಿಷಯ: ನೌಕರರು ಕೆಲಸ ಬಿಟ್ಟು ಹೋಗದಂತೆ ಅವರನ್ನು ಸಂತೋಷವಾಗಿಡುವ ಕುರಿತು.
ಉಲ್ಲೇಖ: ಅಂಬ್ರಪ್ಪನ ರಾಜೀನಾಮೆ (ಬಾಯಿಮಾತಿನದು).

ಪ್ರಸ್ತಾವನೆ: ಕಕ್ಕೇರಾ ಕಡೆಯ ಗೇಟು ಕಾವಲುಗಾರರು ಒಬ್ಬೊಬ್ಬರಾಗಿ ಶಹಾಪುರದ ಹತ್ತಿ ಮಿಲ್ಲು ಸೇರಿದ್ದು, ಅಂಬ್ರಪ್ಪನೊಬ್ಬನೇ ಉಳಿದಿದ್ದನು. "ನಿನಗೇನ್ ಬೇಕೋ ಹೇಳಪಾ" ಎಂದು ಕಿರಿಯ ಇಂಜಿನಿಯರ್ ಸಂಗಣ್ಣ ಅವರು ವಿಚಾರಿಸಲಾಗಿ, "ಕುಂದ್ರಾಕೊಂದು ಕುರ್ಚಿ ಕೊಡ್ರಿ ಸಾಹೇಬ್ರ, ಸಾಕು" ಎಂದು ನಾಚುತ್ತ ತಿಳಿಸಿರುತ್ತಾನೆ. ಕುರ್ಚಿ ಬಂದ ದಿನ ಅದನ್ನು ಟವೆಲಿನಿಂದ ಒರೆಸಿ, ಮತ್ತೆ ಒರೆಸಿ, ಕೂತು, ಕಾಲುವೆಯ ನೀರನ್ನು ದೊರೆಯಂತೆ ನೋಡಿದ್ದು ಸತ್ಯ. ಆದರೆ ಅವನ ಸಂತೋಷವನ್ನು ಪರಿಶೀಲಿಸಲು ದಿನವೂ ಒಬ್ಬನಲ್ಲ ಒಬ್ಬ ಅಧಿಕಾರಿ ಬಂದು, ಇದ್ದ ಒಂದೇ ಕುರ್ಚಿಯಲ್ಲಿ ಕೂತು ಪರಿಶೀಲಿಸಿದ್ದರಿಂದ, ಸದರಿಯವನು ಸಂಜೆಯವರೆಗೆ ನಿಂತೇ ಸಂತೋಷಪಡಬೇಕಾಯಿತು. ಕೊನೆಗೆ, "ಮೊದಲ ಕಟ್ಟಿ ಮ್ಯಾಲರ ಕುಂದರ್ತಿದ್ದೆ. ಕುರ್ಚಿ ಬಂದ ಮ್ಯಾಲ ಅದೂ ಹೋತು. ನಾ ಒಲ್ಲೆರಿ" ಎಂದು ಗೇಟಿನ ಕೀಲಿ ಒಪ್ಪಿಸಿ ಹೋಗಿದ್ದಾನೆ.

ಈಗ ಅವನು ಕೆಂಭಾವಿಯ ಮುನ್ನಿಬೀ ಅವರ ಚಹಾ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಮೊದಲ ದಿನವೇ ಆಕೆ "ಯಾಕಪಾ ನಿಂತಿ? ಕುಂದ್ರು, ಮೊದಲ ಚಾ ಕುಡಿ" ಎಂದದ್ದೇ ಇದಕ್ಕೆ ಕಾರಣವೆಂದು ತನಿಖೆಯಿಂದ ಹೊರಬಿದ್ದಿದೆ. ಆದ್ದರಿಂದ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

೧. ಸಂತೋಷ ಪರಿಶೀಲಿಸುವ ಅಧಿಕಾರಿಯು ತನ್ನ ಆಸನವನ್ನು ತಾನೇ ಹೊತ್ತು ತರತಕ್ಕದ್ದು. ಚಾಪೆ ನಡೆಯುತ್ತದೆ.

೨. ಅಧಿಕಾರಿ ಬಂದಾಗ ಕೂತಿರುವ ನೌಕರನು ಮನಸ್ಸಿನಲ್ಲಿ ಎದ್ದು ನಿಂತರೆ ಸಾಕು.

೩. ಪ್ರತಿ ಅಧಿಕಾರಿಯೂ ದಿನಕ್ಕೊಮ್ಮೆ "ಕುಂದ್ರು, ಚಾ ಕುಡಿ" ಎಂದು ನುಡಿಯತಕ್ಕದ್ದು. ಚಹಾಕ್ಕೆ ಮಂಜೂರಾತಿ ಬರುವತನಕ "ಕುಂದ್ರು" ಎಂಬುದಷ್ಟೇ ಜಾರಿಯಲ್ಲಿರುತ್ತದೆ.

೪. ಸಂತೋಷಗೊಂಡ ನೌಕರರು ಹಲ್ಲು ಕಾಣುವಂತೆ ನಗತಕ್ಕದ್ದು. ಹಲ್ಲಿಲ್ಲದವರು ವೈದ್ಯರ ಪ್ರಮಾಣಪತ್ರ ಲಗತ್ತಿಸುವುದು.

೫. ಅಂಬ್ರಪ್ಪನನ್ನು ಕರೆತರಲು ಹೋದ ಸಂಗಣ್ಣ ಅವರನ್ನು ಕಂಡು ಅಂಬ್ರಪ್ಪನೇ ಬೆಂಚು ಒರೆಸಿ, "ಕುಂದರ್ರಿ ಸಾಹೇಬ್ರ, ಬಿಸಿಲಾಗ ಬಂದೀರಿ" ಎಂದು ಚಹಾ ಕೊಟ್ಟಿರುತ್ತಾನೆ. ನೌಕರಿಗೆ ಸೇರಿದಂದಿನಿಂದ ತಮಗೆ ಯಾರೂ ಹೀಗೆ ಅಂದಿಲ್ಲವೆಂದು ಸಂಗಣ್ಣ ಅವರು ಅಲ್ಲಿಂದಲೇ ಹೇಳಿ ಕಳಿಸಿದ್ದು, ಮರಳಿಲ್ಲ. ಅವರನ್ನು ಕರೆತರಲು ಹೋದ ಮೇಲಧಿಕಾರಿಗಳೂ ಮರಳಿಲ್ಲ. ಇನ್ನು ಮುಂದೆ ಯಾರನ್ನೂ ಕೆಂಭಾವಿಗೆ ಕಳಿಸತಕ್ಕದ್ದಲ್ಲ.

ಸಹಿ/-
(ಮೇಲಧಿಕಾರಿಗಳ ಪರವಾಗಿ ದೇವಕ್ಕ, ಟೈಪಿಸ್ಟ್)

ಪ್ರತಿ:
ಮುನ್ನಿಬೀ, ಕೆಂಭಾವಿ: ಅಧಿಕಾರಿಗಳನ್ನು ಬಿಸಿಲು ಇಳಿದ ಮೇಲಾದರೂ ಎಬ್ಬಿಸಿ ಕಳಿಸುವ ಕೋರಿಕೆಯೊಂದಿಗೆ.
ಅಂಬ್ರಪ್ಪ: ಮಾಹಿತಿಗಾಗಿ. ಕೂತು ಓದುವುದು.
ಕಚೇರಿ ಪ್ರತಿ: ಟೈಪಿಸ್ಟ್ ಕೆಂಭಾವಿ ಬಸ್ಸಿಗೆ ಹೊರಟಿರುವುದರಿಂದ ಮೇಜಿನ ಮೇಲೆ ಇಡಲಾಗಿದೆ.