ಖಾಲಿ ಮತಚೀಟಿ

ಆರ್ವಿಲ್ ಫ್ರೀಸನ್‌ನ ಐವತ್ತೆಂಟು ವರ್ಷದ ನೆಮ್ಮದಿಯನ್ನು ಕೆಡಿಸಿದ್ದು ಒಂದು ತೆಳ್ಳನೆಯ ಪುಸ್ತಕ. ಅದು ಅವನದೂ ಅಲ್ಲ. ಹಾರ್ಲೋ ಹಳ್ಳಿಯ ಕರ್ಲಿಂಗ್ ಅಂಗಣದ ಅಡುಗೆಮನೆಯಲ್ಲಿ ಸೂಪು ಕುದಿಸುವ ಲುವಾಲ್ಹಾಟಿಯದು. ಫಿಲಿಪೀನ್ಸಿನಿಂದ ಬಂದು ಆರು ವರ್ಷವಾಗಿದ್ದ ಅವಳಿಗೆ ಮುಂದಿನ ವಾರ ಕೆನಡಾದ ಪೌರತ್ವ ಪರೀಕ್ಷೆ. ಕರ್ಲಿಂಗ್ ಅಂದರೆ ಐಸಿನ ಮೇಲೆ ಭಾರದ ಕಲ್ಲನ್ನು ಗುರಿಯ ವೃತ್ತಕ್ಕೆ ಜಾರಿಸುವ ಆಟ. ಅದೇ ಅಂಗಣಕ್ಕೆ ಐಸ್ ಹಾಸಿ, ಅದನ್ನು ಕನ್ನಡಿಯ ಹಾಗೆ ಕಾಯುವುದು ಆರ್ವಿಲ್‌ನ ಉದ್ಯೋಗ. ಆ ಬುಧವಾರ ಬೆಳಿಗ್ಗೆ ಎಂಟಕ್ಕೆ ಅವನು ಕಾಫಿಗೆಂದು ಒಳಗೆ ಬಂದಾಗ ಅವಳು ಪುಸ್ತಕವನ್ನು ಎಂದಿನಂತೆ ಪ್ರಶ್ನೆ ಕೇಳಲು ಅವನ ಕೈಗೆ ಕೊಡುವ ಬದಲು ತಾನೇ ಹಿಡಿದುಕೊಂಡು ನಿಂತಳು.

"ಕುಯಾ, ಇವತ್ತು ನಾನು ಕೇಳ್ತೀನಿ, ನೀವು ಹೇಳಿ. ನೀವು ಇಲ್ಲೇ ಹುಟ್ಟಿದೋರು, ನಿಮಗೆ ನೀರು ಕುಡಿದಷ್ಟು ಸುಲಭ."

ಕುಯಾ ಅಂದರೆ ಅವಳ ಭಾಷೆಯಲ್ಲಿ ಅಣ್ಣ. ಅಣ್ಣ ಕಾಫಿ ಹೀರಿ, "ಕೇಳು ಕೇಳು" ಅಂದ.

"ನಮ್ಮ ಪ್ರಧಾನಿಯನ್ನ ಯಾರು ಆರಿಸ್ತಾರೆ?"

"ಇದೇನು ಪ್ರಶ್ನೆ! ನಾವೇ. ಜನ."

"ತಪ್ಪು. ನೀವು ನಿಮ್ಮ ಕ್ಷೇತ್ರದ ಸದಸ್ಯನಿಗೆ ಹಾಕೋದು. ಜಾಸ್ತಿ ಸೀಟು ಬಂದ ಪಕ್ಷದ ನಾಯಕ ಪ್ರಧಾನಿ ಆಗ್ತಾನೆ. ಸರಿ, ದೇಶದ ಮುಖ್ಯಸ್ಥ ಯಾರು?"

"ಪ್ರಧಾನಿ."

"ರಾಜ, ಕುಯಾ! ನಿಮ್ಮ ಜೇಬಲ್ಲೇ ಇದಾನೆ, ಕಾಸಿನ ಮೇಲೆ. ಸೆನೆಟ್ ಸದಸ್ಯರನ್ನ ಎಷ್ಟು ವರ್ಷಕ್ಕೊಮ್ಮೆ ಆರಿಸ್ತಾರೆ?"

"ನಾಲ್ಕು."

"ಆರಿಸೋದೇ ಇಲ್ಲ. ನೇಮಕ ಮಾಡ್ತಾರೆ."

ಹೀಗೆ ಇಪ್ಪತ್ತು ಮುಗಿಯಿತು. ತೇರ್ಗಡೆಗೆ ಹದಿನೈದು ಬೇಕು. ಆರ್ವಿಲ್‌ಗೆ ಬಂದದ್ದು ಏಳು. ಅದರಲ್ಲೂ ಎರಡು, ಬಾವುಟದ ಬಣ್ಣ.

"ನಿಮ್ಮನ್ನ ದೇಶ ಬಿಟ್ಟು ಕಳಿಸ್ತಾರೆ ಕುಯಾ," ಎಂದು ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಅದಕ್ಕೂ ಮುಂಚೆ ಇವತ್ತಿನ ವೋಟು ಹಾಕಿಬಿಡಿ. ನಂಗೆ ಕೊಡೋ ಹಾಗಿದ್ದಿದ್ರೆ ಎರಡೇ ನಿಮಿಷದಲ್ಲಿ ಹಾಕಿ ಬರ್ತಿದ್ದೆ."

ಆ ದಿನ ಹಾರ್ಲೋದಲ್ಲಿ ಮೇಯರ್ ಚುನಾವಣೆ. ಇಪ್ಪತ್ತು ವರ್ಷದಿಂದ ಹಳ್ಳಿಗೆ ಒಬ್ಬನೇ ಮೇಯರ್, ಎದುರಾಳಿಯೇ ಇರಲಿಲ್ಲ, ಮತ ಹಾಕುವ ತಾಪತ್ರಯವೂ ಇರಲಿಲ್ಲ. ಅವನು ಬೇಸಿಗೆಯಲ್ಲಿ ತೀರಿಹೋಗಿ ಊರಿಗೆ ಮೊದಲ ಬಾರಿಗೆ ಸ್ಪರ್ಧೆಯೆಂಬುದು ಬಂದಿತ್ತು. ಒಬ್ಬ ಗಾರ್ನೆಟ್ ಪ್ರಿಚರ್ಡ್. ಕರ್ಲಿಂಗ್ ಅಂಗಣದ ಮಂಡಳಿಯ ಅಧ್ಯಕ್ಷ, ಅಂದರೆ ಆರ್ವಿಲ್‌ನ ಧಣಿ. ತಾನು ಗೆದ್ದರೆ ಅಂಗಣಕ್ಕೆ ಹೊಸ ಶೀತಲಯಂತ್ರ ತರುವುದಾಗಿ ಹೇಳಿದ್ದ. ಇನ್ನೊಬ್ಬಳು ವಿನಿಫ್ರೆಡ್ ಹ್ಯಾಟ್, ಎಲ್ಲರ ಬಾಯಲ್ಲಿ ವಿನಿ. ನಿವೃತ್ತ ಶಾಲಾಮೇಡಂ, ಆರ್ವಿಲ್‌ನ ಹೆಂಡತಿ ಮೇವಿಸ್‌ಳ ಸ್ವಂತ ಅಕ್ಕ. ತಾನು ಗೆದ್ದರೆ ಅಂಗಣ ಮುಚ್ಚಿ ಆ ದುಡ್ಡಲ್ಲಿ ಊರಿನ ನೀರಿನ ಕೊಳವೆ ಬದಲಾಯಿಸುವುದಾಗಿ ಹೇಳಿದ್ದಳು. ನಲ್ಲಿ ತಿರುಗಿಸಿದರೆ ಹಾಲು ಹಾಕದ ಟೀ ಬರುವ ಊರಿನಲ್ಲಿ ಆ ಮಾತಿಗೆ ತೂಕವಿತ್ತು. ಆರ್ವಿಲ್ ಆ ನೀರನ್ನೇ ಕುಡಿಯುತ್ತಿದ್ದ, ಆ ಅಂಗಣದಿಂದಲೇ ಉಣ್ಣುತ್ತಿದ್ದ. ಅತ್ತ ದರಿ, ಇತ್ತ ಪುಲಿ.

ಏಳು ಅಂಕದ ಅವಮಾನ ಅವನನ್ನು ಕೊರೆಯತೊಡಗಿತು. ಪುಸ್ತಕವನ್ನು ಎರವಲು ಪಡೆದು, ಅಂಗಣಕ್ಕೆ ನೀರು ಬಿಟ್ಟು, ಯಂತ್ರದ ಕೋಣೆಯಲ್ಲಿ ಕೂತು ಓದಲು ಶುರು ಮಾಡಿದ. ಕೇಂದ್ರ ಸರ್ಕಾರ, ಪ್ರಾಂತ ಸರ್ಕಾರ, ಊರಿನ ಆಡಳಿತ. ಯಾವುದು ಯಾರ ಕೆಲಸ. ಸೈನ್ಯ ಇವರದು, ಆಸ್ಪತ್ರೆ ಅವರದು, ಹಿಮ ಗುಡಿಸುವುದು ಮತ್ತೊಬ್ಬರದು. ಇಷ್ಟು ದಿನ ಎಲ್ಲದಕ್ಕೂ ಒಬ್ಬರನ್ನೇ ಬೈದುಕೊಂಡು ಬಂದಿದ್ದೆನಲ್ಲ ಎಂದು ಅವನಿಗೆ ಪಶ್ಚಾತ್ತಾಪವಾಯಿತು. "ಗುಪ್ತ ಮತದಾನ: ನೀವು ಯಾರಿಗೆ ಮತ ಹಾಕಿದಿರೆಂದು ಹೇಳಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ" ಎಂಬ ಸಾಲು ಬಂದಾಗ ಎರಡು ಸಲ ಓದಿಕೊಂಡ. ಯಾರೋ ತನಗಾಗಿಯೇ ಬರೆದಂತಿತ್ತು.

ಅಷ್ಟರಲ್ಲಿ ನೀರು ಅಂಗಣ ತುಂಬಿ, ಅಂಚು ದಾಟಿ, ಬಾಗಿಲ ಬಳಿಯ ನಡೆಹಾದಿಗೆ ಹರಿದು ಅಲ್ಲೇ ಹೆಪ್ಪುಗಟ್ಟಿತ್ತು. ಗಾರ್ನೆಟ್ ಅದೇ ಹೊತ್ತಿಗೆ ಬಾಗಿಲು ತೆಗೆದು "ಆರ್ವಿಲ್!" ಎನ್ನುತ್ತ ಒಳಗೆ ಕಾಲಿಟ್ಟ. 'ಆರ್' ಬಾಗಿಲಲ್ಲಿ ಕೇಳಿಸಿತು, 'ವಿಲ್' ಅಂಗಣದ ಆ ಕೊನೆಯಲ್ಲಿ. ನೂರು ಕಿಲೋ ತೂಕದ ಮನುಷ್ಯ ಆಟದ ಕಲ್ಲಿನಂತೆ ನುಣ್ಣಗೆ ಜಾರಿ, ಗುರಿಯ ವೃತ್ತದ ನಟ್ಟನಡುವೆ ಬಂದು ನಿಂತ. ಮೂವತ್ತು ವರ್ಷ ಕರ್ಲಿಂಗ್ ಆಡಿದರೂ ಅವನು ಎಸೆದ ಒಂದು ಕಲ್ಲೂ ಅಲ್ಲಿಗೆ ಹೋಗಿ ನಿಂತಿರಲಿಲ್ಲ.

"ಏನಯ್ಯಾ ಇದು?" ಎಂದು ಗಾರ್ನೆಟ್ ಮಲಗಿದಲ್ಲಿಂದಲೇ ಕೇಳಿದ.

"ಓದ್ತಾ ಇದ್ದೆ."

"ನೀನಾ? ಏನು?"

"ಸರ್ಕಾರ ಹೇಗೆ ನಡಿಯುತ್ತೆ ಅಂತ."

ಗಾರ್ನೆಟ್ ಟೊಪ್ಪಿ ಸರಿಪಡಿಸಿಕೊಂಡು ಎದ್ದು ಕೂತ. ಬೇರೆ ದಿನವಾಗಿದ್ದರೆ ಆರ್ವಿಲ್‌ನ ಜನ್ಮ ಜಾಲಾಡುತ್ತಿದ್ದ. ಇವತ್ತು ಮತದಾನ. "ಹೋಗ್ಲಿ ಬಿಡು. ಹೊಸ ಯಂತ್ರ ಬಂದರೆ ಹೀಗೆಲ್ಲ ಆಗಲ್ಲ. ಅದು ಬರಬೇಕು ಅಂದ್ರೆ ಏನು ಮಾಡ್ಬೇಕು ಅಂತ ನಿಂಗೆ ಗೊತ್ತು. ಅಲ್ವಾ?"

"ಗುಪ್ತ ಮತದಾನ ಅಂತ ಒಂದಿದೆ ಗಾರ್ನೆಟ್," ಎಂದ ಆರ್ವಿಲ್ ಮೆಲ್ಲಗೆ.

"ಇದೆಯಪ್ಪಾ. ಗುಪ್ತವಾಗಿ ನಂಗೆ ಹಾಕು."

ಹತ್ತು ಗಂಟೆಗೆ ಆರ್ವಿಲ್ ಹಳ್ಳಿಯ ಸಭಾಭವನಕ್ಕೆ ನಡೆದ. ಮತ ಹಾಕಲು ಅಲ್ಲ, ವಿಚಾರಿಸಲು. ಚುನಾವಣಾಧಿಕಾರಿ ಥೋರಾ ಗುಡ್ಮಂಡ್ಸನ್ ಮೇಜಿನ ಹಿಂದೆ ಹೆಣಿಗೆ ಹೆಣೆಯುತ್ತ ಕೂತಿದ್ದಳು. ಎದುರಿಗೆ ಆರೇಳು ಜನರ ಸಾಲು.

"ಥೋರಾ, ನಾನು ಯಾರಿಗೆ ಹಾಕಿದೆ ಅಂತ ಆಮೇಲೆ ಯಾರಿಗಾದ್ರೂ ಗೊತ್ತಾಗುತ್ತಾ?"

"ಇಲ್ಲ. ಚೀಟಿ ಮೇಲೆ ಹೆಸರಿರಲ್ಲ. ಒಂದು ವೃತ್ತದಲ್ಲಿ ಗುಣಿಸು ಚಿಹ್ನೆ, ಅಷ್ಟೇ."

ಹೊರಗೆ ಹೋದವನು ಹನ್ನೊಂದಕ್ಕೆ ಮತ್ತೆ ಬಂದ. "ಎರಡೂ ವೃತ್ತಕ್ಕೆ ಹಾಕಿದ್ರೆ?"

"ಮತ ಕುಲಗೆಡುತ್ತೆ. ಎಣಿಸಲ್ಲ."

ಹನ್ನೆರಡಕ್ಕೆ ಮೂರನೆಯ ಸಲ. ಸಾಲು ಈಗ ಬಾಗಿಲಿನವರೆಗೆ ಇತ್ತು. ಊಟದ ಬಿಡುವಿಗೆ ಬಂದವರೆಲ್ಲ ಕಿವಿ ನಿಮಿರಿಸಿದರು. "ಏನೂ ಬರೀದೆ, ಸುಮ್ಮನೆ ಮಡಿಸಿ ಪೆಟ್ಟಿಗೆಗೆ ಹಾಕಿದ್ರೆ, ತಪ್ಪಾಗುತ್ತಾ?"

ಥೋರಾಳ ಹೆಣಿಗೆಯ ಕಡ್ಡಿ ನಿಂತಿತು. "ತಪ್ಪೇನಿಲ್ಲ. ಅದು ನಿನ್ನ ಹಕ್ಕು. ಆದರೆ ಇಷ್ಟೆಲ್ಲ ಕೇಳಿ ಏನೂ ಬರೀದೆ ಹೋಗೋಕೆ ನಿಂಗೆ ಹುಚ್ಚಾ ಆರ್ವಿಲ್?"

ಸಾಲಿನಲ್ಲಿದ್ದವರು ನಕ್ಕರು. ಆರ್ವಿಲ್ ಮನೆಗೆ ಊಟಕ್ಕೆ ಹೋದ.

ಅಲ್ಲಿ ವಿನಿ ಮೊದಲೇ ಬಂದು ಕೂತಿದ್ದಳು. ಮೇವಿಸ್ ಆಲೂ ತುಂಬಿದ ಪೆರೋಗಿಗಳನ್ನು ಬೆಣ್ಣೆಯಲ್ಲಿ ಹುರಿಯುತ್ತಿದ್ದಳು.

"ಬಾರಪ್ಪಾ," ಅಂದಳು ವಿನಿ, ತರಗತಿಯಲ್ಲಿ ಕೊನೆಯ ಬೆಂಚಿನವನನ್ನು ಕರೆಯುವ ದನಿಯಲ್ಲಿ. "ಬೆಳಿಗ್ಗೆಯಿಂದ ಮೂರು ಸಲ ಹೋಗಿ, ಒಂದು ಸಲವೂ ಹಾಕಿಲ್ಲವಂತೆ?"

"ತಿಳ್ಕೋತಾ ಇದ್ದೆ."

"ತಿಳ್ಕೊಳ್ಳೋಕೇನಿದೆ? ಈ ಲೋಟ ನೋಡು." ಅವಳು ನಲ್ಲಿಯ ನೀರು ಹಿಡಿದು ಬೆಳಕಿಗೆ ಎತ್ತಿದಳು. ಒಳಗೆ ಏನೋ ಒಂದು ನಿಧಾನವಾಗಿ ತಳಕ್ಕೆ ಇಳಿಯಿತು. "ಮೇವಿಸ್, ಹೇಳೇ ನಿನ್ನ ಗಂಡನಿಗೆ."

ಮೇವಿಸ್ ಒಲೆಯ ಕಡೆಗೇ ಮುಖ ಮಾಡಿಕೊಂಡು, "ಅಕ್ಕ ಹೇಳಿದ ಹಾಗೆ ಮಾಡು ಆರ್ವಿಲ್. ಮನೆ ಮರ್ಯಾದೆ ಪ್ರಶ್ನೆ," ಅಂದಳು. ಅಂದವಳು ಪೆರೋಗಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಮಗುಚಿದಳು.

ಊಟ ಮುಗಿದಾಗ ವಿನಿಯ ಕಾರು ಹೊರಡಲಿಲ್ಲ. ಮೈನಸ್ ಇಪ್ಪತ್ತೆರಡು ಡಿಗ್ರಿ ಚಳಿಗೆ ಬ್ಯಾಟರಿ ಸತ್ತಿತ್ತು. "ನಡಕೊಂಡೇ ಹೋಗೋಣ, ನಿನ್ನ ನಾನೇ ಕರ್ಕೊಂಡು ಹೋಗ್ತೀನಿ," ಎಂದು ಅವಳು ಆರ್ವಿಲ್‌ನ ತೋಳು ಹಿಡಿದಳು. ಅದೇ ಗಳಿಗೆಗೆ ಗಾರ್ನೆಟ್‌ನ ಟ್ರಕ್ಕು ಅಂಗಳದ ಮುಂದೆ ಬಂದು ನಿಂತಿತು.

"ಹತ್ತು ಆರ್ವಿಲ್, ವೋಟಿಗೆ ನಾನೇ ಬಿಡ್ತೀನಿ!"

"ಅವನು ನನ್ನ ಜೊತೆ ಬರ್ತಾ ಇದಾನೆ," ಅಂದಳು ವಿನಿ.

"ಹಾಗಾದ್ರೆ ನೀನೂ ಹತ್ತು ವಿನಿ. ಚಳೀಲಿ ಸತ್ತೀಯ, ಆಮೇಲೆ ಗೆದ್ದೋನಿಗೆ ಮರ್ಯಾದೆ ಇರಲ್ಲ."

ಹೀಗೆ ಆರ್ವಿಲ್ ಟ್ರಕ್ಕಿನ ಒಂದೇ ಆಸನದಲ್ಲಿ ಇಬ್ಬರು ಅಭ್ಯರ್ಥಿಗಳ ನಡುವೆ, ಎರಡು ದಪ್ಪ ಚಳಿಕೋಟುಗಳ ನಡುವೆ, ರೊಟ್ಟಿಯೊಳಗಿನ ಮಾಂಸದ ತುಂಡಿನ ಹಾಗೆ ಕೂತ. ಎಡಗಿವಿಗೆ ಯಂತ್ರ ಬಿತ್ತು, ಬಲಗಿವಿಗೆ ಕೊಳವೆ ಬಿತ್ತು. ಗಾರ್ನೆಟ್ ಗೇರು ಬದಲಿಸಿದಾಗಲೆಲ್ಲ ಅವನ ಮಂಡಿಗೆ ಏಟು ಬಿತ್ತು. ಭವನದ ಬಾಗಿಲಲ್ಲಿ ಥೋರಾ ಇಬ್ಬರನ್ನೂ ತಡೆದಳು. "ಒಳಗೆ ಪ್ರಚಾರ ಇಲ್ಲ. ಅವನನ್ನ ಬಿಡಿ."

ರಟ್ಟಿನ ಮರೆಯ ಹಿಂದೆ ಆರ್ವಿಲ್ ಪೆನ್ಸಿಲ್ ಹಿಡಿದು ನಿಂತ. ಎರಡು ಹೆಸರು, ಎರಡು ಬಿಳಿ ವೃತ್ತ. ಒಂದರಲ್ಲಿ ಅವನಿಗೆ ಸಂಬಳ ಕಾಣಿಸಿತು, ಇನ್ನೊಂದರಲ್ಲಿ ಕುಡಿಯುವ ನೀರು. ಒಂದು ಸಲ ಪೆನ್ಸಿಲ್ಲು ಮೇಲಕ್ಕೆ ಹೋಯಿತು, ಒಂದು ಸಲ ಕೆಳಕ್ಕೆ. ಕೊನೆಗೆ ಅವನು ಅದನ್ನು ಮೆಲ್ಲನೆ ಕೆಳಗಿಟ್ಟು, ಚೀಟಿಯನ್ನು ಮಡಿಸಿ, ಪೆಟ್ಟಿಗೆಗೆ ಹಾಕಿದ. ಯಾರಿಗೂ ದ್ರೋಹವಿಲ್ಲ, ಯಾರ ಮುಖಕ್ಕೂ ಹೆದರಬೇಕಾಗಿಲ್ಲ. ಹೊರಗೆ ಬಂದವನು ಇಬ್ಬರಿಗೂ ಒಂದೇ ಥರ ತಲೆಯಾಡಿಸಿದ. ಇಬ್ಬರೂ ಅವನ ಬೆನ್ನು ತಟ್ಟಿದರು.

ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಒಂಬತ್ತಕ್ಕೆ ಥೋರಾಳ ಫೋನು. "ಈಗಲೇ ಭವನಕ್ಕೆ ಬಾ."

ಆರ್ವಿಲ್ ಮತ್ತು ಮೇವಿಸ್ ಹೋದಾಗ ಅರ್ಧ ಹಳ್ಳಿ ಅಲ್ಲಿತ್ತು. ಥೋರಾ ಓದಿದಳು: "ಗಾರ್ನೆಟ್ ಪ್ರಿಚರ್ಡ್, ನೂರ ನಲವತ್ತಮೂರು. ವಿನಿಫ್ರೆಡ್ ಹ್ಯಾಟ್, ನೂರ ನಲವತ್ತಮೂರು. ಮೂರು ಸಲ ಎಣಿಸಿದೀನಿ. ತಿರಸ್ಕೃತ, ಒಂದು. ಖಾಲಿ ಚೀಟಿ."

ಅಲ್ಲಿದ್ದ ತಲೆಗಳೆಲ್ಲ ಒಂದೇ ಸಲ ಆರ್ವಿಲ್ ಕಡೆ ತಿರುಗಿದಂತಾಯಿತು. ಗುಪ್ತ ಮತದಾನವೆಂಬುದು ಹೌದು, ಆದರೆ ಅದರ ವಿಧಾನವನ್ನು ಸಾಲಿನ ಮುಂದೆ ನಿಂತು ಗಟ್ಟಿಯಾಗಿ ವಿಚಾರಿಸಿದವನಿಗೆ ಕಾನೂನು ಏನು ಮಾಡೀತು?

"ಒಂದು ಗೀಟು ಎಳಿಯೋಕೆ ಆಗಲಿಲ್ವೇನೋ ನಿಂಗೆ?" ಗಾರ್ನೆಟ್ ಗುಡುಗಿದ.

"ನಾನು ನಿನ್ನೆ ಆ ಟ್ರಕ್ಕಲ್ಲಿ ಕೂತಿದ್ದು ಇದಕ್ಕಾ?" ಎಂದಳು ವಿನಿ.

ಥೋರಾ ಮೇಜು ಬಡಿದಳು. "ಸಮ ಬಂದ್ರೆ ಕಾನೂನು ಇದೆ. ಎರಡು ಕಾಗದದಲ್ಲಿ ಹೆಸರು ಬರೆದು, ಮಡಿಸಿ, ಒಂದು ಪಾತ್ರೆಗೆ ಹಾಕಿ, ಯಾರಾದ್ರೂ ಒಬ್ಬರ ಕೈಲಿ ಎತ್ತಿಸಬೇಕು. ಬಂದ ಹೆಸರೇ ಮೇಯರ್. ಯಾರು ಎತ್ತೋದು?"

"ಲುವಾಲ್ಹಾಟಿ ಎತ್ತಲಿ," ಅಂದ ಆರ್ವಿಲ್ ಅವಸರದಿಂದ. ಥೋರಾ ಮೊದಲೇ ಹೇಳಿದ್ದರಿಂದ ಅವಳು ಅಂಗಣದ ಅಡುಗೆಮನೆಯಿಂದ ಸೂಪಿನ ಪಾತ್ರೆ ತೊಳೆದು ತಂದಿದ್ದಳು.

"ವೋಟೇ ಇಲ್ಲದೋಳು ಮೇಯರನ್ನ ಆರಿಸೋದಾ?" ಅಂದ ಗಾರ್ನೆಟ್. ಆಮೇಲೆ ಗಡ್ಡ ಕೆರೆದುಕೊಂಡು, "ಆರ್ವಿಲ್ಲೇ ಎತ್ತಲಿ. ಯಾರಿಗೂ ಹಾಕದೋನು ಅಂದ್ರೆ ಇಡೀ ಊರಲ್ಲಿ ಅವನೊಬ್ಬನೇ," ಅಂದ. ತನ್ನ ಸಂಬಳ ತಿನ್ನುವವನ ಕೈ ಎತ್ತ ಹೋಗುತ್ತದೆಂದು ಅವನಿಗೆ ಭರವಸೆಯಿತ್ತು.

"ನಂದೂ ಒಪ್ಪಿಗೆ," ಅಂದಳು ವಿನಿ. ತಂಗಿಯ ಗಂಡನ ಕೈಯ ಬಗ್ಗೆ ಅವಳಿಗೂ ಅಷ್ಟೇ ಭರವಸೆಯಿತ್ತು.

ಯಾರನ್ನೂ ಆರಿಸಬಾರದೆಂದು ಇಡೀ ದಿನ ಹೆಣಗಿದವನು, ಈಗ ಇಡೀ ಊರಿನ ಪರವಾಗಿ ಒಬ್ಬನೇ ಆರಿಸಲು ಪಾತ್ರೆಯ ಮುಂದೆ ನಿಂತ. ಕಣ್ಣು ಮುಚ್ಚಿದ. ಕೈ ಹಾಕಿದ. ಎರಡು ಕಾಗದಗಳೂ ಬೆರಳಿಗೆ ತಾಗಿದವು, ಎರಡೂ ಒಂದೇ ಥರ. ಮೊದಲು ಒಂದನ್ನು ಹಿಡಿದ, ಬಿಟ್ಟ, ಇನ್ನೊಂದನ್ನು ಎತ್ತಿದ.

ಥೋರಾ ಬಿಡಿಸಿ ಓದಿದಳು. "ವಿನಿಫ್ರೆಡ್ ಹ್ಯಾಟ್."

ಗಾರ್ನೆಟ್ ಕೈಗವುಸು ತೊಟ್ಟುಕೊಂಡು, ಆರ್ವಿಲ್‌ನನ್ನು ನೋಡದೆ, ಹೊರಗೆ ಹೋದ. ವಿನಿ ಬಂದು ಆರ್ವಿಲ್‌ನನ್ನು ಉಸಿರುಗಟ್ಟುವಂತೆ ತಬ್ಬಿಕೊಂಡಳು.

"ನಿನ್ನ ಉಪಕಾರ ಮರೆಯಲ್ಲ ಕಣೋ! ಅಂಗಣ ಮುಚ್ಚಿದ ಮೇಲೆ ಕೆಲಸಕ್ಕೆ ಏನು ಮಾಡೋದು ಅಂತ ಯೋಚಿಸಬೇಡ. ಥೋರಾ ಈ ಸಲಕ್ಕೆ ಸಾಕು ಅಂತಿದಾಳೆ. ಚುನಾವಣೆ ಬಗ್ಗೆ ಇಷ್ಟೊಂದು ತಿಳ್ಕೊಂಡಿದೀಯ, ಮುಂದಿನ ಚುನಾವಣಾಧಿಕಾರಿ ನೀನೇ. ಕಾಯಂ ಕೆಲಸ!"

"ಎಷ್ಟು ದಿನದ ಕೆಲಸ ಅದು?" ಎಂದು ಆರ್ವಿಲ್ ಥೋರಾಳನ್ನು ಕೇಳಿದ.

"ನಾಲ್ಕು ವರ್ಷಕ್ಕೆ ಒಂದು ದಿನ," ಅಂದಳು ಥೋರಾ, ಹೆಣಿಗೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ. "ಕಾಫಿ ಅವರೇ ಕೊಡ್ತಾರೆ."

ಗಾಡಿಯಲ್ಲಿ ಮನೆಗೆ ಹೋಗುವಾಗ ಮೇವಿಸ್ ಕೈಗವುಸನ್ನು ತೆಗೆಯುತ್ತ, ಮತ್ತೆ ಹಾಕಿಕೊಳ್ಳುತ್ತ ಕೂತಿದ್ದಳು. ಅಕ್ಕ ಗೆದ್ದ ಸಂತೋಷ ಇನ್ನೂ ಇಳಿದಿಲ್ಲವೆಂದು ಆರ್ವಿಲ್ ಅಂದುಕೊಂಡ.

"ಅಂತೂ ನಿನ್ನ ಮಾತೇ ನಡೀತು," ಅಂದ ಸಮಾಧಾನಕ್ಕೆ. "ಮನೆ ಮರ್ಯಾದೆ ಉಳೀತು."

ಮೇವಿಸ್ ಕಿಟಕಿಯಾಚೆ ನೋಡುತ್ತಿದ್ದಳು. "ನಾನು ಗಾರ್ನೆಟ್‌ಗೆ ಹಾಕಿದ್ದೆ," ಅಂದಳು.

ಗಾಡಿ ಒಂದು ಸಲ ಅಡ್ಡಾದಿಡ್ಡಿ ಆಯಿತು. "ಏನಂದೆ?"

"ಅಕ್ಕ ಅಡುಗೆಮನೇಲಿ ಕೂತಿರುವಾಗ ಇನ್ನೇನು ಹೇಳಲಿ? ನಿನ್ನ ಕೆಲಸ ಉಳೀಲಿ ಅಂತ ಹಾಕಿದೆ. ಹುಟ್ಟಿದಾಗಿಂದ ನನ್ನನ್ನ ಆಳಿದಾಳೆ ಅವಳು, ಊರನ್ನೂ ಆಳೋದು ಬೇಡ ಅಂತಾನೂ ಹಾಕಿದೆ. ನೀನಂತೂ ನಿನ್ನ ಅನ್ನಕ್ಕೆ ಹಾಕ್ಕೋತೀಯ, ಅಷ್ಟು ಬುದ್ಧಿ ಇರುತ್ತೆ ಅಂತ ಅಂದ್ಕೊಂಡಿದ್ದೆ." ಅವಳು ಮೂಗು ಒರೆಸಿಕೊಂಡಳು. "ಒಂದೇ ಒಂದು ಗೀಟು ಆರ್ವಿಲ್. ಒಂದೇ ಒಂದು ಗೀಟು."

ಆರ್ವಿಲ್ ಗಾಡಿ ಓಡಿಸುತ್ತಲೇ ಇದ್ದ. ಅವನ ಮನೆ ಬಲಗಡೆ ಬಂತು, ಹೋಯಿತು. ಅವನು ಗಮನಿಸಲಿಲ್ಲ. ಹಾರ್ಲೋದಲ್ಲಿ ಆ ಮನೆಯನ್ನು ದಾಟಿದರೆ ಮುಂದೆ ಹಿಮ ಹೊದ್ದು ಮಲಗಿದ ಗೋಧಿಹೊಲ ಬಿಟ್ಟು ಬೇರೇನೂ ಇಲ್ಲ.